ಇಪ್ಪತ್ತೊಂದೋ, ಒಂದಿಪ್ಪತ್ತೋ?

2019ರ ಜೂನ್‌ನಲ್ಲಿ ಮಹಾರಾಷ್ಟ್ರದ ಶಾಲೆಗಳು ತೆರೆದಾಗ ಎರಡನೇ ತರಗತಿಯ ಗಣಿತ ಪುಸ್ತಕದ ಒಂದು ಪುಟ ವಾಟ್ಸಾಪ್‌ನಲ್ಲಿ ಊರೆಲ್ಲ ತಿರುಗಿತು. ಪುಣೆ, ಮುಂಬಯಿಗಳಲ್ಲಿರುವ ನಮ್ಮಲ್ಲಿ ಅನೇಕರಿಗೂ ಅದು ತಲುಪಿರಬೇಕು. ಪುಟದಲ್ಲಿ ಇದ್ದದ್ದು ದೊಡ್ಡ ಸಂಗತಿಯೇನಲ್ಲ. 21ಕ್ಕೆ ಮರಾಠಿಯಲ್ಲಿ ಹೇಳುವ 'ಏಕವೀಸ' ಎಂಬ ಹೆಸರಿನ ಜೊತೆಗೆ 'ವೀಸ ಏಕ' ಎಂಬ ಇನ್ನೊಂದು ಹೆಸರು. 22ಕ್ಕೆ 'ಬಾವೀಸ', ಜೊತೆಗೆ 'ವೀಸ ದೋನ'. ಇದೇ ದಾರಿಯಲ್ಲಿ 63 ಎಂದರೆ 'ತ್ರೇಸಷ್ಟ'ವೂ ಹೌದು, 'ಸಾಠ ತೀನ'ವೂ ಹೌದು. ಅಷ್ಟಕ್ಕೇ ಟೀವಿಯವರು ಚರ್ಚೆಗೆ ಕೂತರು, ಸಾಹಿತಿಗಳು ಮರಾಠಿ ಸತ್ತಿತೆಂದರು, ಮಾತು ವಿಧಾನಸಭೆಯವರೆಗೂ ಹೋಯಿತು.

ಪುಸ್ತಕ ಪ್ರಕಟಿಸಿದ್ದು ಪುಣೆಯ ಬಾಲಭಾರತಿ. 1967ರಲ್ಲಿ ಶುರುವಾದ ಈ ಸರಕಾರಿ ಸಂಸ್ಥೆ ಮರಾಠಿಯಷ್ಟೇ ಅಲ್ಲ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪಠ್ಯಪುಸ್ತಕ ತರುತ್ತದೆ. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದವರು ಮಂಗಳಾ ನಾರ್ಳೀಕರ್. 2023ರಲ್ಲಿ ತೀರಿಕೊಂಡ ಅವರನ್ನು ಪತ್ರಿಕೆಗಳು ಹೆಚ್ಚಾಗಿ ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಅವರ ಪತ್ನಿ ಎಂದೇ ಪರಿಚಯಿಸುತ್ತಿದ್ದವು. ಅವರು ಸ್ವತಃ ಗಣಿತಜ್ಞೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು, ಲೆಕ್ಕವೆಂದರೆ ಬೆವರುವವರಿಗಾಗಿ ಮರಾಠಿಯಲ್ಲಿ ಸರಳ ಪುಸ್ತಕಗಳನ್ನು ಬರೆದವರು. ಹಳೆಯ ಹೆಸರುಗಳನ್ನು ತೆಗೆದುಹಾಕಿಲ್ಲ, ಎರಡೂ ಇವೆ, ಮಗುವಿಗೆ ಯಾವುದು ಸುಲಭವೋ ಅದರಿಂದ ಶುರುಮಾಡಲಿ ಎಂಬುದು ಅವರ ಸಮಜಾಯಿಷಿ. ಅದನ್ನು ಕೇಳುವ ವ್ಯವಧಾನ ಆಗ ಯಾರಿಗೂ ಇರಲಿಲ್ಲ.

ಪಠ್ಯಪುಸ್ತಕದ ಪುಟವನ್ನು ಸಾಹಿತ್ಯ ಪತ್ರಿಕೆಯಲ್ಲಿ ವಿಮರ್ಶಿಸುವ ರೂಢಿ ನಮ್ಮಲ್ಲಿಲ್ಲ. ಆದರೆ ಲಕ್ಷಾಂತರ ಮಕ್ಕಳು ಬಾಯಿಪಾಠ ಮಾಡುವ ಪುಟ ಯಾವ ಕಾದಂಬರಿಗಿದೆ? ಅದೂ ಅಲ್ಲದೆ ಇಲ್ಲಿನ ಜಗಳ ಗಣಿತದ್ದಲ್ಲ, ಪದಗಳದ್ದು. ಮಗು ಕಲಿಯುವ ಮೊದಲ ಗಣಿತ ಕೂಡುವುದೂ ಅಲ್ಲ, ಕಳೆಯುವುದೂ ಅಲ್ಲ, ಸಂಖ್ಯೆಗಳ ಹೆಸರು. ಆ ಹೆಸರುಗಳು ಹೇಗೆ ಕಟ್ಟಿಕೊಂಡಿವೆ ಎಂಬುದು ಭಾಷೆಯ ವಿಷಯ. ಈ ಜಗಳದಲ್ಲಿ ಕನ್ನಡಿಗರಿಗೆ ಒಂದು ವಿಚಿತ್ರ ಸ್ಥಾನವಿದೆ. ಮಂಗಳಾ ನಾರ್ಳೀಕರ್ ಸಮಿತಿ ಕೂತು ಹೊಸದಾಗಿ ಕಟ್ಟಬೇಕಾದದ್ದನ್ನು ನಮ್ಮ ಭಾಷೆ ಯಾವ ಸಮಿತಿಯ ಹಂಗೂ ಇಲ್ಲದೆ ಇಟ್ಟುಕೊಂಡಿದೆ. ನಾವು ಅದನ್ನು ಕೈಯಾರೆ ಬಿಟ್ಟುಕೊಡುತ್ತಿದ್ದೇವೆ.

ಮೊದಲು ಮರಾಠಿ ಹೆಸರುಗಳನ್ನು ಒಬ್ಬ ಏಳು ವರ್ಷದ ಹುಡುಗಿಯ ಕಿವಿಯಿಂದ ಕೇಳೋಣ. 'ತೇವೀಸ' ಎಂದರೆ ಮೊದಲು ಮೂರರ ಸದ್ದು, ಆಮೇಲೆ ಇಪ್ಪತ್ತರದ್ದು. ಬರೆಯುವಾಗ ಮಾತ್ರ ಮೊದಲು 2, ಆಮೇಲೆ 3. ಕಿವಿ ಹೇಳಿದ ಕ್ರಮವನ್ನು ಕೈ ತಿರುಗಿಸಬೇಕು. ಉಕ್ತಲೇಖನದಲ್ಲಿ 32 ಎಂದು ಬರೆದ ಮಗು ದಡ್ಡತನ ತೋರಿಸಿಲ್ಲ, ಕೇಳಿದ್ದನ್ನು ಕೇಳಿದ ಹಾಗೆ ಬರೆದಿದೆ. ಇನ್ನು 29ಕ್ಕೆ ಬಂದರೆ ಹೆಸರು 'ಏಕೋಣತೀಸ', ಅಂದರೆ ಮೂವತ್ತಕ್ಕೆ ಒಂದು ಕಮ್ಮಿ. ಅಂಕಿಯಲ್ಲಿ ಮೂವತ್ತರ ಸುಳಿವೇ ಇಲ್ಲ, ಹೆಸರಲ್ಲಿ ಒಂಬತ್ತಿನ ಸುಳಿವಿಲ್ಲ. ಇದೇ ಜಾಡಿನಲ್ಲಿ 79 'ಏಕೋಣಐಂಶಿ', 89 'ಏಕೋಣನವ್ವದ' ಎಂದು ಹೋದ ಭಾಷೆ 99ಕ್ಕೆ ಬಂದಾಗ ತಟ್ಟನೆ ಮನಸ್ಸು ಬದಲಿಸಿ 'ನವ್ಯಾಣ್ಣವ' ಎನ್ನುತ್ತದೆ. ದೆಹಲಿಯಲ್ಲಿರುವವರು ಹಿಂದಿಯಲ್ಲಿ ಇದನ್ನೇ ಅನುಭವಿಸಿರುತ್ತೀರಿ. 79 'ಉನ್ಯಾಸಿ', 89 'ನವಾಸಿ'. ಇವೆರಡರ ನಡುವೆ ಆಟೋದವನ ಮುಂದೆ ತಡವರಿಸದ ಕನ್ನಡಿಗರು ಕಡಿಮೆ. ಹಿಂದಿಯನ್ನೇ ತಾಯಿನುಡಿಯಾಗಿ ಉಳ್ಳ ಕಾಲೇಜು ಹುಡುಗರೂ ಈಗ ಅಲ್ಲಿಗೆ ಬಂದಾಗ ಇಂಗ್ಲಿಷಿಗೆ ಜಿಗಿಯುತ್ತಾರೆ.

ಅಂದರೆ ಮರಾಠಿ, ಹಿಂದಿ ಮಗು ಒಂದರಿಂದ ನೂರರವರೆಗೆ ಎಣಿಸಲು ಹೆಚ್ಚುಕಡಿಮೆ ನೂರು ಬೇರೆ ಬೇರೆ ಪದಗಳನ್ನೇ ಕಲಿಯಬೇಕು. ಒಳಗೆ ನಿಯಮವೊಂದು ಇದೆ, ನಿಜ. ಸಾವಿರಾರು ವರ್ಷ ಜನರ ಬಾಯಲ್ಲಿ ಸವೆದು ಸವೆದು ಅದು ಭಾಷಾವಿಜ್ಞಾನಿಯ ಕಣ್ಣಿಗೆ ಮಾತ್ರ ಕಾಣುವ ಹಾಗಾಗಿದೆ. ಎರಡನೇ ತರಗತಿಯ ಮಗು ಭಾಷಾವಿಜ್ಞಾನಿಯಲ್ಲ.

ಇದಕ್ಕೆ ಹೊರದೇಶಗಳಲ್ಲಿ ನಡೆದ ಪರೀಕ್ಷೆಗಳಿವೆ. ಜರ್ಮನ್ ಭಾಷೆಯೂ ಮರಾಠಿಯ ಹಾಗೆ 'ಒಂದು-ಮತ್ತು-ಇಪ್ಪತ್ತು' ಎನ್ನುತ್ತದೆ. ಆಸ್ಟ್ರಿಯಾದ ಒಂದನೇ ತರಗತಿಯ ಮಕ್ಕಳಿಗೆ ಸಂಖ್ಯೆಗಳನ್ನು ಹೇಳಿ ಬರೆಸಿದಾಗ ಆದ ತಪ್ಪುಗಳಲ್ಲಿ ಸುಮಾರು ಅರ್ಧ ಈ ತಿರುವುಮುರುವಿನವು. ಇದಕ್ಕಿಂತ ಸೊಗಸಾದದ್ದು ಝೆಕ್ ಭಾಷೆಯ ಉದಾಹರಣೆ. ಅಲ್ಲಿ ಎರಡೂ ಕ್ರಮ ಬಳಕೆಯಲ್ಲಿವೆ, ಹತ್ತು ಮೊದಲು ಹೇಳುವುದೂ ಉಂಟು, ಬಿಡಿ ಮೊದಲು ಹೇಳುವುದೂ ಉಂಟು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವೇ ಮಕ್ಕಳಿಗೆ ಎರಡೂ ರೀತಿಯಲ್ಲಿ ಹೇಳಿ ಬರೆಸಿದರು. ತಿರುವುಮುರುವಿನ ತಪ್ಪು ಬಿಡಿ ಮೊದಲು ಬರುವ ಹೆಸರಿನಲ್ಲೇ ಹೆಚ್ಚಾಯಿತು. ಮಕ್ಕಳು ಅವರೇ, ಶಾಲೆ ಅದೇ. ಬದಲಾದದ್ದು ಪದದ ಜೋಡಣೆ ಮಾತ್ರ. ಮರಾಠಿ ಪುಟದ ಪರವಾಗಿ ಇಷ್ಟು ನೇರವಾದ ಸಾಕ್ಷಿ ಇನ್ನೊಂದಿಲ್ಲ. ನಾರ್ವೆಯವರಂತೂ 1951ರಲ್ಲಿ ದೇಶದ ಮಟ್ಟದಲ್ಲೇ ಕ್ರಮ ಬದಲಿಸಿದರು. ಅಲ್ಲಿ ಒತ್ತಾಯ ಬಂದದ್ದು ಮೇಷ್ಟ್ರುಗಳಿಗಿಂತ ಹೆಚ್ಚಾಗಿ ಟೆಲಿಫೋನ್ ಇಲಾಖೆಯಿಂದ, ಆಪರೇಟರುಗಳು ನಂಬರನ್ನು ತಪ್ಪಾಗಿ ಕೇಳಿಸಿಕೊಳ್ಳುತ್ತಿದ್ದುದರಿಂದ. ಹಳೆಯ ಕ್ರಮ ಇವತ್ತಿಗೂ ಅಲ್ಲಿನ ಆಡುಮಾತಿನಲ್ಲಿ ಉಳಿದಿದೆಯಂತೆ. ಭಾಷೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ.

ವಿರೋಧಿಸಿದವರ ಮಾತಿನಲ್ಲೂ ಹುರುಳಿಲ್ಲದಿಲ್ಲ. ಸಂಖ್ಯೆಗಳ ಹೆಸರು ಶಾಲೆಯ ಸೊತ್ತಲ್ಲ, ಸಂತೆಯದ್ದು. ಮಂಡಿಯಲ್ಲಿ ಈರುಳ್ಳಿಯ ದರ ಕೂಗುವವನು 'ತೇವೀಸ' ಎನ್ನುತ್ತಾನೆಯೇ ಹೊರತು 'ವೀಸ ತೀನ' ಎನ್ನುವುದಿಲ್ಲ. ಶಾಲೆಯಲ್ಲಿ ಮಾತ್ರ ಸಿಗುವ ಭಾಷೆಯನ್ನು ಕಲಿತ ಬಡವರ ಮಗು ಅಂಗಡಿಯಲ್ಲಿ ನಗೆಪಾಟಲಾಗುತ್ತದೆ. ಗಾದೆ, ನುಡಿಗಟ್ಟುಗಳೂ ಇವೆ. ಇಬ್ಬರಿಗೆ ಆಗಿಬರದಿದ್ದರೆ ಮರಾಠಿಯವರು 'ಛತ್ತೀಸಚಾ ಆಕಡಾ' ಎನ್ನುತ್ತಾರೆ. ದೇವನಾಗರಿಯಲ್ಲಿ 36 ಬರೆದರೆ ಎರಡು ಅಂಕಿಗಳು ಬೆನ್ನು ತಿರುಗಿಸಿ ಕೂತ ಹಾಗೆ ಕಾಣುತ್ತವೆ, ಅದಕ್ಕೆ. 'ತೀಸ ಸಹಾಚಾ ಆಕಡಾ' ಎಂದರೆ ಜಗಳದ ಸ್ವಾರಸ್ಯವೇ ಹೋಯಿತು. ಈ ಆತಂಕವನ್ನು ತಮಾಷೆಯೆಂದು ತಳ್ಳಿಹಾಕಬಾರದು.

ಆದರೆ ತಮಾಷೆಗಳೂ ನಡೆದವು. ಅವುಗಳಲ್ಲಿ ಒಂದು ನನಗೆ ಇಡೀ ಚರ್ಚೆಯ ಕೀಲಿಕೈಯಂತೆ ಕಾಣುತ್ತದೆ. ಆಗಿನ ಮುಖ್ಯಮಂತ್ರಿ ಫಡಣವೀಸ್. ಹೆಸರಿನ ಕೊನೆಯ 'ವೀಸ್' ಇಪ್ಪತ್ತರ ಹಾಗೆ ಕೇಳಿಸುತ್ತದಲ್ಲ, ಇನ್ನು ಮೇಲೆ ಅವರನ್ನು 'ಫಡಣ ದೋನ ಶೂನ್ಯ' ಎನ್ನಬೇಕೋ ಎಂಬ ಚಟಾಕಿ ವಿಧಾನಸಭೆಯಲ್ಲಿ ಹಾರಿತು. ಸದನ ನಕ್ಕಿತು, ಪತ್ರಿಕೆಗಳು ಮುದ್ರಿಸಿದವು. ಯಾರೂ ಒಂದು ಕ್ಷಣ ನಿಂತು ನೋಡಲಿಲ್ಲ: ಹೊಸ ಪುಸ್ತಕ 'ವೀಸ'ವನ್ನು ಮುಟ್ಟಿಯೇ ಇಲ್ಲ! ಅದು ಇಪ್ಪತ್ತನ್ನು ಇಪ್ಪತ್ತಾಗಿಯೇ ಇಟ್ಟುಕೊಂಡು ಮುಂದೆ ಒಂದು, ಎರಡು ಸೇರಿಸುತ್ತದೆ. 'ದೋನ ಶೂನ್ಯ' ಎಂಬುದು 20 ಎಂಬ ಬರಹದ ಅಂಕಿಗಳನ್ನು ಓದುವುದು, ಎರಡು ಮತ್ತು ಸೊನ್ನೆ. ಅದರಲ್ಲಿ ಇಪ್ಪತ್ತು ಎಲ್ಲೂ ಇಲ್ಲ. 'ವೀಸ ಏಕ' ಎಂಬುದು ಮೊತ್ತದ ಹೆಸರು, ಇಪ್ಪತ್ತು ಇದೆ, ಮೇಲೊಂದು ಇದೆ. ಎರಡನೇ ತರಗತಿಯ ಪುಸ್ತಕ ಕಲಿಸಹೊರಟದ್ದೇ ಈ ವ್ಯತ್ಯಾಸವನ್ನು. 2 ಎಂಬ ಅಂಕಿ ಆ ಜಾಗದಲ್ಲಿ ಕೂತಾಗ ಎರಡಲ್ಲ, ಇಪ್ಪತ್ತು. ನಮ್ಮ ಹಳೆಯ ಪುಸ್ತಕಗಳು ಮುಖಬೆಲೆ, ಸ್ಥಾನಬೆಲೆ ಎಂದು ಹೇಳುತ್ತಿದ್ದದ್ದು ಇದನ್ನೇ. ದೊಡ್ಡವರ ಸದನವೊಂದು ನಕ್ಕದ್ದು ಸ್ಥಾನಬೆಲೆಯನ್ನು ಮುಖಬೆಲೆಯೆಂದು ತಿಳಿದುಕೊಂಡು. ಪಾಠದ ಅಗತ್ಯಕ್ಕೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಬೇಕಿರಲಿಲ್ಲ.

ಮಂಗಳಾ ನಾರ್ಳೀಕರ್ ಅವರ ವಾದದ ಒಂದು ಎಳೆಯನ್ನು ಮಾತ್ರ ನಾನು ಒಪ್ಪಲಾರೆ. ಹಳೆಯ ಹೆಸರುಗಳಲ್ಲಿ ಜೋಡಾಕ್ಷರ ಹೆಚ್ಚು, 'ಸತ್ತ್ಯಾಣ್ಣವ', 'ಅಠ್ಠ್ಯಾಣ್ಣವ' ಇವನ್ನೆಲ್ಲ ಓದಿ ಬರೆಯುವಾಗ ಮಕ್ಕಳು ಹೆದರುತ್ತಾರೆ ಎಂದೂ ಅವರು ಹೇಳಿದರು. ವಿರೋಧಿಗಳಿಗೆ ಇದು ಹಬ್ಬದೂಟವಾಯಿತು. ಜೋಡಾಕ್ಷರ ಬೇಡವಾದರೆ ಮಹಾರಾಷ್ಟ್ರದ ಹೆಸರನ್ನೇ ಬದಲಿಸಿ ಎನ್ನಬಹುದಲ್ಲ! ನಮ್ಮ 'ಇಪ್ಪತ್ತೊಂದು' ಎಂಬುದರಲ್ಲಿ ಎರಡು ಒತ್ತಕ್ಷರ, ಒಂದು ಸೊನ್ನೆ. ಅದಕ್ಕೆ ಹೆದರಿ ಲೆಕ್ಕ ಬಿಟ್ಟ ಕನ್ನಡ ಮಗು ಇಲ್ಲ. ಅಕ್ಷರದಲ್ಲಿ ಬರೆಯುವ ಕಷ್ಟ ಭಾಷೆಯ ಪಾಠದ್ದು, ಅದು ಬೇಕಾದರೆ ಮೂರನೇ ತರಗತಿಗೆ ಕಾಯಬಹುದು. ಕ್ರಮದ ಕಷ್ಟ ಗಣಿತದ್ದು, ಅದು ಕಾಯುವುದಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ಗಟ್ಟಿ ವಾದ ಮೆತ್ತಗಿನ ವಾದದ ಜೊತೆ ಸೇರಿ ಮುಳುಗಿತು.

ಈಗ ಕನ್ನಡಕ್ಕೆ ಬರುತ್ತೇನೆ. ಹತ್ತು ಆದಮೇಲೆ ಹನ್ನೊಂದು, ಹನ್ನೆರಡು, ಹದಿಮೂರು. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್‌ಗಳಲ್ಲಿ ಹತ್ತು ಕಿವಿಗೆ ಬೀಳುವುದೇ ಇಲ್ಲ, ಥರ್ಟೀನ್‌ನಲ್ಲಿ ಮೂರು ಮೊದಲು ಬರುತ್ತದೆ, ಮೇಲಾಗಿ ಅದು ಥರ್ಟಿಯ ಜೊತೆ ಕಲಸಿಕೊಳ್ಳುತ್ತದೆ. ಹದಿಮೂರಿನಲ್ಲಿ 'ಹದಿ' ಮೊದಲು, ಮೂರು ಆಮೇಲೆ, ಬರೆಯುವ ಹಾಗೆಯೇ. ಮುಂದೆ ಇಪ್ಪತ್ತು, ಅಂದರೆ ಇರ್ಪತ್ತು, ಎರಡು ಹತ್ತು. ಮೂವತ್ತು ಮೂರು ಹತ್ತು, ನಲವತ್ತು ನಾಲ್ಕು ಹತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು ಎಲ್ಲಕ್ಕೂ ಬಾಲದಲ್ಲಿ ಅದೇ ಹತ್ತು, ತಲೆಯಲ್ಲಿ ಎಷ್ಟು ಹತ್ತು ಎಂಬ ಲೆಕ್ಕ. ಮೂವತ್ತೇಳನ್ನು ಬಿಡಿಸಿದರೆ 'ಮೂರು ಹತ್ತು, ಏಳು'. ತಮಿಳು, ತೆಲುಗುಗಳಲ್ಲೂ ಹೀಗೇ ಇರುವುದರಿಂದ ಚೆನ್ನೈ, ಹೈದರಾಬಾದಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಮನೆಯ ಎಣಿಕೆಯೂ ಬೀದಿಯ ಎಣಿಕೆಯೂ ಒಂದೇ ದಿಕ್ಕಿಗೆ ಹೋಗುತ್ತವೆ. ತಮಿಳು ತೊಂಬತ್ತನ್ನು ಮಾತ್ರ ನೂರಿನ ನಂಟಿನಿಂದ 'ತೊಣ್ಣೂರು' ಎನ್ನುತ್ತದೆ, ಅದೊಂದು ಎಡವುಗಲ್ಲು. ಮುಂಬಯಿ, ಪುಣೆ, ದೆಹಲಿಯ ಮಕ್ಕಳಿಗೆ ಮನೆ ಒಂದು ದಿಕ್ಕು, ಬೀದಿ ಇನ್ನೊಂದು ದಿಕ್ಕು.

ಕನ್ನಡದಲ್ಲಿ ಬಿಡಿಯನ್ನು ಮೊದಲು ಹೇಳಿದರೆ ಏನಾಗುತ್ತದೆ ನೋಡಿ. 'ಒಂದಿಪ್ಪತ್ತು ಜನ ಬಂದಿದ್ರು' ಎಂದರೆ ಇಪ್ಪತ್ತೊಂದಲ್ಲ, ಸುಮಾರು ಇಪ್ಪತ್ತು. 'ಇಪ್ಪತ್ತೊಂದು ಜನ ಬಂದಿದ್ರು' ಎಂದರೆ ಎಣಿಸಿ ಹೇಳಿದ್ದು. ಅದೇ ಎರಡು ಪದ, ಜಾಗ ಬದಲಾದರೆ ಒಂದು ಅಂದಾಜು, ಇನ್ನೊಂದು ಲೆಕ್ಕ. ಸ್ಥಾನ ಬದಲಾದರೆ ಬೆಲೆ ಬದಲಾಗುತ್ತದೆ ಎಂದು ಮಗುವಿಗೆ ತೋರಿಸಲು ನಮ್ಮ ಆಡುಮಾತೇ ಸಾಕು. ಇದನ್ನು ಒಂದನೇ ತರಗತಿಯ ಪುಸ್ತಕ ಬರೆಯುವವರು ಯಾಕೆ ಬಳಸಿಕೊಳ್ಳುವುದಿಲ್ಲವೋ.

ಇನ್ನೊಂದು ಪದ 'ಬಿಡಿ'. ಮರಾಠಿ ಪುಸ್ತಕ ಏಕಕ, ದಶಕ, ಶತಕ ಎನ್ನುತ್ತದೆ, ಮೂರೂ ಸಂಸ್ಕೃತ. ಕನ್ನಡ ಪುಸ್ತಕ ಬಿಡಿ, ಹತ್ತು, ನೂರು ಎನ್ನುತ್ತದೆ. ಬಿಡಿ ಎಂದರೆ ಕಟ್ಟದೆ ಇದ್ದದ್ದು. ಹೂವಿನವಳ ಬುಟ್ಟಿಯಲ್ಲಿ ಕಟ್ಟಿದ ಮಾಲೆಯೂ ಇರುತ್ತದೆ, ಬಿಡಿ ಹೂವೂ ಇರುತ್ತದೆ. ಹತ್ತು ಕಡ್ಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಒಂದು ಕಟ್ಟು, ಉಳಿದವು ಬಿಡಿ. 34ರಿಂದ 8 ಕಳೆಯಬೇಕು, ಬಿಡಿ ನಾಲ್ಕೇ ಇದೆ, ಏನು ಮಾಡುವುದು? ಒಂದು ಕಟ್ಟು ಬಿಚ್ಚು. ಮರಾಠಿ ತರಗತಿಯಲ್ಲಿ ಇದಕ್ಕೆ 'ಉಸನಾ', ಇಂಗ್ಲಿಷಿನಲ್ಲಿ ಬಾರೋ, ಎರಡೂ ಕಡೆ ಸಾಲ. ಪಕ್ಕದ ಮನೆಯಿಂದ ಸಕ್ಕರೆ ತಂದ ಹಾಗೆ ತಂದರೆ ವಾಪಸು ಯಾವಾಗ ಕೊಡುವುದು ಎಂದು ಮಗು ಕೇಳಿದರೆ ಉತ್ತರವಿಲ್ಲ. ಕಟ್ಟು ಬಿಚ್ಚುವುದರಲ್ಲಿ ಸಾಲವೂ ಇಲ್ಲ, ಸುಳ್ಳೂ ಇಲ್ಲ. ಇಷ್ಟು ಒಳ್ಳೆಯ ಪದ ಕೈಯಲ್ಲಿ ಇಟ್ಟುಕೊಂಡ ಕರ್ನಾಟಕದ ಪುಸ್ತಕಗಳು ಮುಂದಿನ ಪುಟದಲ್ಲೇ 'ದಶಕ ಸಹಿತ ಸಂಕಲನ', 'ದಶಕ ರಹಿತ ವ್ಯವಕಲನ' ಎಂದು ಎದೆ ಸೆಟೆಸಿ ನಿಲ್ಲುತ್ತವೆ. ಏಳು ವರ್ಷದ ಮಗುವಿಗೆ ವ್ಯವಕಲನ! ಕಳೆಯುವ ಲೆಕ್ಕ ಎಂದರೆ ಗಣಿತದ ಮಾನ ಕಳೆಯುತ್ತಿತ್ತೇ? ಮರಾಠಿ ಸಮಿತಿ ತನ್ನ ಭಾಷೆಯ ಕಷ್ಟವನ್ನು ಎದುರಿಸುವ ಧೈರ್ಯ ತೋರಿಸಿತು. ನಮ್ಮವರು ತಮ್ಮ ಭಾಷೆಯ ಅನುಕೂಲವನ್ನೂ ಗಮನಿಸಿದಂತಿಲ್ಲ.

ಕನ್ನಡದ ಹೆಸರುಗಳು ತೊಡಕಿಲ್ಲದವೂ ಅಲ್ಲ. ಹೊರನಾಡಿನ ಕನ್ನಡಿಗರಲ್ಲಿ ನಮ್ಮ ಭಾಷೆಯ ಬಗ್ಗೆ ಹೆಮ್ಮೆಯ ಲೇಖನ ಓದಿ ಫಾರ್ವರ್ಡ್ ಮಾಡುವ ಚಟವಿದೆ, ಅದಕ್ಕೆ ನಾನು ಸರಕು ಒದಗಿಸಲಾರೆ. ಎಂಬತ್ತು, ಒಂಬತ್ತು, ತೊಂಬತ್ತು: ಮೂರೂ ಒಂದೇ ಅಚ್ಚಿನವು, ಆದರೆ ನಡುವಿನದು ಬರಿಯ ಒಂಬತ್ತು. ಅದರೊಳಗೂ ಒಂದು 'ಪತ್ತು' ಅಡಗಿ ಕೂತು ಮಗುವನ್ನು ಏಮಾರಿಸುತ್ತದೆ. ಇಪ್ಪತ್ತು, ಎಪ್ಪತ್ತು ಗದ್ದಲದ ತರಗತಿಯಲ್ಲಿ ಒಂದೇ ಥರ ಕೇಳುತ್ತವೆ. ಇವು ಸಣ್ಣ ತೊಡಕುಗಳು. ದೊಡ್ಡ ತೊಡಕು ನೂರು ದಾಟಿದಮೇಲೆ ಬರುತ್ತದೆ. ಪುಣೆಯ ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ 'ನೂರಾ ಐದು' ಎಂದು ಹೇಳಿ ಬರೆಸಿದರೆ ಒಬ್ಬಿಬ್ಬರಾದರೂ 1005 ಎಂದು ಬರೆಯುತ್ತಾರೆ. 'ನೂರಾ ಇಪ್ಪತ್ತು' 10020 ಆಗುತ್ತದೆ. ನೂರು ಎಂದರೆ 100, ಬರೆದಾಯಿತು, ಐದು ಎಂದರೆ 5, ಪಕ್ಕಕ್ಕೆ ಇಟ್ಟಾಯಿತು. ಇಂಗ್ಲಿಷಿನಲ್ಲಿ ಹೇಳಿದರೂ ಇದೇ ತಪ್ಪು. ಹೆಸರು ಎಷ್ಟು ನೇರವಾಗಿದ್ದರೂ ಅದು ಕೂಡುವುದನ್ನು ಹೇಳುತ್ತದೆ: ನೂರು ಮತ್ತು ಐದು. ಬರಹ ಮಾತ್ರ ಸೊನ್ನೆಗಳನ್ನು ಮುಚ್ಚಿ ಅವುಗಳ ಜಾಗದಲ್ಲಿ ಬೇರೆಯವರನ್ನು ಕೂರಿಸುತ್ತದೆ. ಈ ಮುಚ್ಚುವಿಕೆಯನ್ನು ಯಾವ ಭಾಷೆಯೂ ತಾನಾಗಿ ಕಲಿಸುವುದಿಲ್ಲ. 'ವೀಸ ಏಕ' ಎಂದು ಕೇಳಿದ ಮರಾಠಿ ಮಗುವೂ 201 ಎಂದು ಬರೆಯಬಹುದು. 2019ರ ಪುಟದ ನಿಜವಾದ ಕೊರತೆ ನನಗೆ ಕಾಣುವುದು ಇಲ್ಲಿ. ವಿವಾದಕ್ಕೆ ಸಿಕ್ಕ ಆ ಪುಟ ಎರಡು ಹೆಸರನ್ನು ಅಕ್ಕಪಕ್ಕ ಇಟ್ಟಿತು; ಒಂದರಿಂದ ಇನ್ನೊಂದಕ್ಕೆ ಹೋಗಲು, ಹೆಸರಿನಿಂದ ಅಂಕಿಗೆ ಇಳಿಯಲು ಮೆಟ್ಟಿಲು ಕಟ್ಟುವ ಕೆಲಸ ಶಿಕ್ಷಕರ ತಲೆಗೆ ಬಂತು. ಆ ಶಿಕ್ಷಕರು ಅದೇ ಹೊತ್ತಿಗೆ ಟೀವಿಯಲ್ಲಿ ಈ ಪುಸ್ತಕದ ಲೇವಡಿ ನೋಡುತ್ತಿದ್ದರು.

ಹೆಸರೇ ಎಲ್ಲವೂ ಆಗಿದ್ದರೆ ದಕ್ಷಿಣದ ಮಕ್ಕಳು ಲೆಕ್ಕದಲ್ಲಿ ಉತ್ತರದವರನ್ನು ಎಂದೋ ಹಿಂದೆ ಹಾಕಿರಬೇಕಿತ್ತು. ಹಾಗಾಗಿಲ್ಲ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯವರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಗೆ ಒಂದಂಕಿ, ಎರಡಂಕಿ ಸಂಖ್ಯೆ ಗುರುತಿಸಲು ಹೇಳುತ್ತಾರೆ, ಎರಡಂಕಿಯ ಕಳೆಯುವ ಲೆಕ್ಕವನ್ನೂ ಕೊಡುತ್ತಾರೆ. 2022ರಲ್ಲಿ ದೇಶದ ಮೂರನೇ ತರಗತಿಯ ಮಕ್ಕಳಲ್ಲಿ ಆ ಕಳೆಯುವ ಲೆಕ್ಕ ಮಾಡಬಲ್ಲವರು ಶೇ. 26ರ ಆಸುಪಾಸು. ಕರ್ನಾಟಕ, ತಮಿಳುನಾಡು ಆ ಪಟ್ಟಿಯ ತುದಿಯಲ್ಲಿಲ್ಲ, ಹಿಂದಿಯ ಹಿಮಾಚಲ ಪ್ರದೇಶ ಅವಕ್ಕಿಂತ ಮುಂದಿದೆ. 1980ರ ದಶಕದಲ್ಲಿ ಐರೀನ್ ಮಿಯುರಾ ಎಂಬ ಸಂಶೋಧಕಿ ಚೀನಿ, ಜಪಾನಿ, ಕೊರಿಯನ್ ಮಕ್ಕಳಿಗೆ ಹತ್ತರ ಪಟ್ಟಿ, ಬಿಡಿ ತುಂಡುಗಳನ್ನು ಕೊಟ್ಟು 42 ತೋರಿಸಲು ಹೇಳಿದಾಗ ಅವರು ನಾಲ್ಕು ಪಟ್ಟಿ, ಎರಡು ಬಿಡಿ ತೆಗೆದಿಟ್ಟರು. ಅಮೆರಿಕದ ಮಕ್ಕಳಲ್ಲಿ ಬಹಳಷ್ಟು ಜನ ನಲವತ್ತೆರಡು ಬಿಡಿ ತುಂಡುಗಳನ್ನೇ ಎಣಿಸಿದರು. ಆ ಏಷ್ಯಾದ ಭಾಷೆಗಳಲ್ಲಿ 42 ಎಂದರೆ 'ನಾಲ್ಕು ಹತ್ತು ಎರಡು' ಎಂಬುದು ಅವರು ಕೊಟ್ಟ ಕಾರಣ. ಆದರೆ ಆ ದೇಶಗಳ ಶಾಲೆ, ಮನೆ, ಮೇಷ್ಟ್ರು ಎಲ್ಲವೂ ಬೇರೆ. ಹೆಸರು ಬಾಗಿಲು ತೆರೆದಿಡಬಲ್ಲದು, ಒಳಗೆ ಕರೆದುಕೊಂಡು ಹೋಗಲು ಯಾರಾದರೂ ಬೇಕು.

ಕರೆದುಕೊಂಡು ಹೋಗುವ ಉಪಾಯಗಳು ದುಬಾರಿಯವಲ್ಲ. ದೆಹಲಿಯ ಜೋಡೋ ಜ್ಞಾನ್ ಸಂಸ್ಥೆಯವರು ಬಳಸುವ ಗಣಿತಮಾಲೆ ಎಂದರೆ ನೂರು ಮಣಿಗಳ ಸರ, ಹತ್ತು ಒಂದು ಬಣ್ಣ, ಮುಂದಿನ ಹತ್ತು ಇನ್ನೊಂದು ಬಣ್ಣ. ಮೂವತ್ತೇಳು ಎಲ್ಲಿದೆ ಎಂದರೆ ಮಗು ಮೂರು ಬಣ್ಣದ ಗುಂಪು ದಾಟಿ ಏಳು ಮಣಿ ಸರಿಸುತ್ತದೆ. ಕನ್ನಡದಲ್ಲಿ ಹೇಳುತ್ತ ಸರಿಸಿದರೆ ಬಾಯಿ ಹೇಳಿದ ಕ್ರಮದಲ್ಲೇ ಬೆರಳೂ ಹೋಗುತ್ತದೆ. ನೂರು ದಾಟಿದ ತೊಡಕಿಗೆ ಚೀಟಿಗಳು: 100 ಬರೆದ ಉದ್ದ ಚೀಟಿ, 20 ಬರೆದ ಸ್ವಲ್ಪ ಗಿಡ್ಡ ಚೀಟಿ, 5 ಬರೆದ ಪುಟ್ಟ ಚೀಟಿ. ಬಲಕ್ಕೆ ಸರಿಹೊಂದಿಸಿ ಒಂದರ ಮೇಲೊಂದು ಇಟ್ಟರೆ 125, ಎತ್ತಿದರೆ ಕೆಳಗೆ ಸೊನ್ನೆಗಳು ಹಾಗೇ ಇವೆ. ಹಳೆಯ ಮದುವೆ ಪತ್ರಿಕೆ ಕತ್ತರಿಸಿ ಮಾಡಬಹುದು. ಭಾನುವಾರದ ತರಗತಿಯಲ್ಲಿ 1005 ಬರೆದ ಹುಡುಗ ಆ ಚೀಟಿ ಎತ್ತಿ ನೋಡಿ, "ಓ, ಸೊನ್ನೆ ಅಡಗಿಕೊಂಡಿದೆ ಕಾಕಾ" ಎಂದ. ಕಾಕಾ ಎಂದದ್ದು ಮರಾಠಿ ಸಹವಾಸದಿಂದಲೋ ಅವನ ಧಾರವಾಡದ ಅಜ್ಜನಿಂದಲೋ ಗೊತ್ತಿಲ್ಲ.

ಇನ್ನು ನಮ್ಮ ಮನೆಗಳ ಮಾತು. ಹೊರನಾಡಿನಲ್ಲಿ ಕನ್ನಡ ಉಳಿಸುವ ವಿಷಯ ಬಂದಾಗ ನಾವು ಕಥೆ, ಹಾಡು, ಯಕ್ಷಗಾನ, ರಾಜ್ಯೋತ್ಸವ ಎನ್ನುತ್ತೇವೆ. ಯಾರೂ ಎಣಿಕೆ ಎನ್ನುವುದಿಲ್ಲ. ಮನೆಯ ಕನ್ನಡದಿಂದ ಮೊದಲು ಉದುರುವುದು ಸಂಖ್ಯೆಗಳೇ. 'ಅಮ್ಮಾ, ನಂಗೆ ಟ್ವೆಂಟಿ ತ್ರೀ ಬಂತು' ಎಂಬ ವಾಕ್ಯದಲ್ಲಿ ಅಮ್ಮ ಕನ್ನಡ, ಬಂತು ಕನ್ನಡ, ಲೆಕ್ಕ ಇಂಗ್ಲಿಷ್. ಮಗುವನ್ನು ದೂರಿ ಫಲವಿಲ್ಲ. ಮೆಟ್ಟಿಲು ಹತ್ತುವಾಗ ಒನ್, ಟೂ, ತ್ರೀ ಎಂದು ಕೈಹಿಡಿದು ಎಣಿಸಿದ್ದು ನಾವೇ. ಶಾಲೆಯಲ್ಲಿ ಹೇಗೂ ಇಂಗ್ಲಿಷಿನಲ್ಲಿ ಹೇಳಬೇಕಲ್ಲ, ಗೊಂದಲ ಯಾಕೆ ಎಂಬುದು ನಮ್ಮ ತರ್ಕ. ಗೊಂದಲ ಕಡಿಮೆ ಮಾಡಲು ನಾವು ಆರಿಸಿಕೊಂಡದ್ದು ಇಲೆವೆನ್, ಟ್ವೆಲ್ವ್, ಥರ್ಟೀನ್‌ಗಳನ್ನು! ಇಪ್ಪತ್ತು ದಾಟಿದ ಮೇಲೆ ಇಂಗ್ಲಿಷೂ ನಮ್ಮ ದಾರಿಗೇ ಬರುತ್ತದೆ, ನಿಜ. ಆದರೆ ಹತ್ತರ ಕಟ್ಟು ಎಂಬ ಕಲ್ಪನೆ ಮಗುವಿನ ತಲೆಯಲ್ಲಿ ಕೂರಬೇಕಾದದ್ದು ಹತ್ತು ದಾಟುವ ಆ ಮೊದಲ ಹೆಜ್ಜೆಯಲ್ಲೇ, ಇಂಗ್ಲಿಷ್ ಕೈಕೊಡುವುದೂ ಅಲ್ಲೇ. ಎರಡು ಭಾಷೆಯಲ್ಲಿ ಎಣಿಸಿದರೆ ಮಗು ಕಂಗಾಲಾಗುತ್ತದೆ ಎನ್ನುವವರು ಸೊಲ್ಲಾಪುರದ ಮಕ್ಕಳನ್ನು ನೋಡಬೇಕು. ಕನ್ನಡದಲ್ಲಿ ಗೋಲಿ ಎಣಿಸಿ, ತೆಲುಗಿನಲ್ಲಿ ಜಗಳವಾಡಿ, ಮರಾಠಿಯಲ್ಲಿ ಚಿಲ್ಲರೆ ವಾಪಸು ಕೇಳುತ್ತವೆ.

ಅಕ್ಕಲಕೋಟೆ, ಜತ್ತದ ಕಡೆ ಬಾಲಭಾರತಿಯ ಕನ್ನಡ ಪುಸ್ತಕಗಳನ್ನೇ ಓದುವ ಶಾಲೆಗಳಿವೆ. ಮುಂಬಯಿ ಮಹಾನಗರಪಾಲಿಕೆಯೂ ಕನ್ನಡ ಮಾಧ್ಯಮದ ಶಾಲೆ ನಡೆಸುತ್ತದೆ, ಮಕ್ಕಳು ಕಡಿಮೆಯಾಗುತ್ತಿದ್ದಾರೆ. 2019ರಲ್ಲಿ ಮರಾಠಿ ಮಾಧ್ಯಮದಲ್ಲಿ ಅಷ್ಟು ಗುಲ್ಲೆಬ್ಬಿಸಿದ ಕಷ್ಟ ಈ ಕನ್ನಡ ತರಗತಿಗಳಲ್ಲಿ ಇರಲೇ ಇಲ್ಲ. ಆ ತರಗತಿಗಳ ಹುಡುಗಿ ಶಾಲೆಯಲ್ಲಿ ಇಪ್ಪತ್ತಮೂರು ಎಂದು ಕಲಿತು, ಹೊರಗೆ ಬಂದು 'ತೇವೀಸ ರುಪಯೇ' ಎಂದು ಕೇಳಿಸಿಕೊಂಡು, ಮನಸ್ಸಿನಲ್ಲಿ ತಿರುಗಿಸಿ ಹಣ ಕೊಡುತ್ತಾಳೆ. ಅಂಥ ಶಾಲೆ ಬೇಡ, ಭವಿಷ್ಯವಿಲ್ಲ ಎಂದು ಬಿಡಿಸಿ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ತಂದೆತಾಯಿಯ ಕಾರಣಗಳು ನನಗೆ ಅರ್ಥವಾಗುತ್ತವೆ, ನನ್ನ ಮನೆಯ ಮಕ್ಕಳೂ ಇಂಗ್ಲಿಷ್ ಮಾಧ್ಯಮದವರೇ. ಮಾಧ್ಯಮ ಬದಲಿಸಿದರೂ ಮೆಟ್ಟಿಲು ಎಣಿಸುವ ಭಾಷೆಯನ್ನು ಬದಲಿಸಬೇಕೆಂದು ಯಾವ ಶಾಲೆಯ ಅರ್ಜಿಯಲ್ಲೂ ಬರೆದಿಲ್ಲ. ನಮ್ಮ ಹಿರಿಯರು ಫೋನ್ ನಂಬರನ್ನು ಜೋಡಿ ಜೋಡಿಯಾಗಿ ಹೇಳುತ್ತಿದ್ದರಲ್ಲ, ತೊಂಬತ್ತೆಂಟು, ನಲವತ್ತೈದು, ಎಪ್ಪತ್ತಾರು ಎಂದು? ಊರಿನ ಅಜ್ಜಿ ಹಾಗೆ ಹೇಳಿದ ನಂಬರನ್ನು ಮೊಮ್ಮಗಳು ಬರೆದುಕೊಳ್ಳಲಿ. ಎಪ್ಪತ್ತು, ಇಪ್ಪತ್ತು ಅದಲುಬದಲಾಗಿ ಒಂದೆರಡು ಸಲ ರಾಂಗ್ ನಂಬರ್ ಹೋದೀತು.